28 ಮಿಲಿಮೀಟರ್‌ನೊಳಗೆ 18 ಸಿಲಿಂಡರ್

ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನ ಕೋರ್ಸೇರ್‌ನ ಮೂಗಿಗೆ ಚೂಪು ಟೋಪಿಯಿಲ್ಲ. ಮೂರು ಎಲೆಯ ಪ್ರೊಪೆಲರ್, ಅದರ ಗುಬುಟು, ಹಿಂದೆ ದುಂಡಗೆ ಬಾಯಿ ತೆರೆದ ಕೌಲಿಂಗ್ ಎಂಬ ಎಂಜಿನ್ ಹೊದಿಕೆ, ಅಷ್ಟೆ. ಒಳಗಿರುವ ಎಂಜಿನ್ ನೇರವಾಗಿ ಕಣ್ಣಿಗೆ ಬೀಳುತ್ತದೆ. ಬೇರೆ ವಿಮಾನಗಳಲ್ಲಿ ಎಂಜಿನ್‌ಗೆ ಒಂದು ಕೈ ಬೆಳ್ಳಿ ಬಣ್ಣ ಬಳಿದು ಮುಂದೆ ಸಾಗುತ್ತಿದ್ದ ನಾನು, ಇಲ್ಲಿ ಹಾಗೆ ಮಾಡಿದರೆ ಮಾದರಿಯ ಮುಖವೇ ಸಪ್ಪೆಯಾಗುತ್ತದೆ ಎಂದು ಪ್ಲಾಸ್ಟಿಕ್ ಮಾದರಿ ಕಿಟ್‌ನ ಪೆಟ್ಟಿಗೆ ತೆರೆದ ದಿನವೇ ತೀರ್ಮಾನಿಸಿದೆ.

ಕೈಗೆತ್ತಿಕೊಂಡದ್ದು 1/48 ಅಳತೆಯ ಎಫ್4ಯು-1ಎ, ಕೋರ್ಸೇರ್‌ನ ಒಂದು ಆವೃತ್ತಿ. ಕಿಟ್‌ನಲ್ಲಿ ಬಂದ ಎಂಜಿನ್ ಕೆಟ್ಟದ್ದೇನಲ್ಲ. ಮುಂಸಾಲಿನ ಒಂಬತ್ತು ಸಿಲಿಂಡರ್ ಸೇರಿ ಒಂದು ಬಿಲ್ಲೆ, ಹಿಂಸಾಲಿನ ಒಂಬತ್ತು ಸೇರಿ ಇನ್ನೊಂದು, ಇವೆರಡರ ಮುಂದೆ ಗೇರುಗಳನ್ನು ಮುಚ್ಚುವ ಮೂತಿ. ಮೂರನ್ನೂ ಅಂಟಿಸಿದರೆ ದೂರದಿಂದ ನೋಡುವವರಿಗೆ ಎಂಜಿನ್ನೇ. ಹತ್ತಿರ ಬಂದರೆ ಎಂಜಿನ್‌ನ ಉಬ್ಬುಶಿಲ್ಪ. ವಾಲ್ವ್‌ಗಳನ್ನು ತಳ್ಳಿ ತೆರೆಯುವ ಪುಶ್‌ರಾಡ್ ಕಡ್ಡಿಗಳು ಸಿಲಿಂಡರ್‌ನ ಮೈಗೆ ಮೆತ್ತಿಕೊಂಡ ಏಣುಗಳಾಗಿದ್ದವು. ಅಚ್ಚಿನಿಂದ ಎತ್ತುವಾಗ ಸಿಕ್ಕಿಕೊಳ್ಳಬಾರದೆಂದು ಎಲ್ಲ ಸಂದಿಗಳನ್ನೂ ತುಂಬಿಬಿಟ್ಟಿದ್ದರು. ಸ್ಪಾರ್ಕ್ ಪ್ಲಗ್‌ಗೆ ವಿದ್ಯುತ್ ಒಯ್ಯುವ ಇಗ್ನಿಷನ್ ತಂತಿಗಳ ಸುಳಿವೇ ಇರಲಿಲ್ಲ.

ನಿಜವಾದ ಎಂಜಿನ್ ಪ್ರಾಟ್ ಅಂಡ್ ವಿಟ್ನಿಯ ಆರ್-2800, ಕಂಪನಿ ಇಟ್ಟ ಹೆಸರು ಡಬಲ್ ವಾಸ್ಪ್. 1937ರಲ್ಲಿ ಮೊದಲ ಬಾರಿ ಓಡಿದ್ದು. ಒಂಬತ್ತೊಂಬತ್ತರ ಎರಡು ಸಾಲು, ಗಾಳಿಯಿಂದಲೇ ತಂಪು, ಸಿಲಿಂಡರ್‌ಗಳ ಒಟ್ಟು ಒಳಗಾತ್ರ ಸುಮಾರು 46 ಲೀಟರ್, ಕೋರ್ಸೇರ್‌ನಲ್ಲಿ ನೆಲ ಬಿಡುವ ಹೊತ್ತಿಗೆ 2000 ಅಶ್ವಶಕ್ತಿ. ಹೆಲ್‌ಕ್ಯಾಟ್, ಥಂಡರ್‌ಬೋಲ್ಟ್ ವಿಮಾನಗಳಿಗೂ ಇದೇ ಕುಟುಂಬದ ಎಂಜಿನ್ ಆದ್ದರಿಂದ ಚಿತ್ರಗಳಿಗೆ ಬರವಿಲ್ಲ. ಅಡ್ಡಳತೆ ಸುಮಾರು 1.34 ಮೀಟರ್. 48ರಿಂದ ಭಾಗಿಸಿದರೆ 28 ಮಿ.ಮೀ. ಸಿಲಿಂಡರ್‌ನ ಒಳವ್ಯಾಸ 146 ಮಿ.ಮೀ. ಇದ್ದದ್ದು ಮಾದರಿಯಲ್ಲಿ 3 ಮಿ.ಮೀ. ಆಗುತ್ತದೆ. ಹೆಬ್ಬೆರಳ ತುದಿಯಲ್ಲಿ ಕೂರುವಷ್ಟು ಜಾಗದಲ್ಲಿ ಏನೇನು ಹಿಡಿಸಬಹುದು ಅನ್ನುವುದಕ್ಕಿಂತ ಏನೇನು ಬಿಡಬಹುದು ಅನ್ನುವುದೇ ನನಗೆ ಮೊದಲ ಪ್ರಶ್ನೆಯಾಯಿತು.

ಚಿತ್ರಗಳಿಗೆ ಬರವಿಲ್ಲ ಎಂದೆ, ಆದರೆ ಎಲ್ಲ ಚಿತ್ರವನ್ನೂ ನಂಬುವಂತಿಲ್ಲ. ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ ಎಂಜಿನ್ ತೋರಿಕೆಗಾಗಿ ಉಜ್ಜಿ ಹೊಳಪೇರಿಸಿದ್ದಿರಬಹುದು, ಪಾಲಿಶ್ ಮಾಡಿದ ಮೂತಿ ನೋಡಿ ಬಣ್ಣ ತೀರ್ಮಾನಿಸುವಂತಿಲ್ಲ. ಇಂದಿಗೂ ಹಾರುತ್ತಿರುವ ಹಳೆಯ ಕೋರ್ಸೇರ್‌ಗಳದ್ದು ಇನ್ನೊಂದು ತೊಡಕು: ಅವುಗಳಲ್ಲಿ ಹಲವಕ್ಕೆ ಬಿಡಿಭಾಗ ಸಿಗುವ ಅನುಕೂಲಕ್ಕಾಗಿ ಮುಂದಿನ ತಲೆಮಾರಿನ ಆರ್-2800 ಕೂರಿಸಿರುತ್ತಾರೆ. ಯುದ್ಧಕಾಲದ ಬಿ ಸರಣಿಯ ಸಿಲಿಂಡರ್ ತಲೆ ಎರಕದ್ದು. ಆಮೇಲೆ ಬಂದ ಸಿ ಸರಣಿಯದ್ದು ಬಡಿದು ರೂಪಿಸಿ, ಬಿಸಿ ಕಳೆಯುವ ತೆಳು ರೆಕ್ಕೆಗಳನ್ನು (ಫಿನ್) ಯಂತ್ರದಲ್ಲಿ ಕೊರೆದದ್ದು. ಮೂತಿಯ ಆಕಾರವೂ ಬೇರೆ. ಹಾಗಾಗಿ ಬಣ್ಣದ ಹೊಸ ಫೋಟೋಗಳನ್ನು ಬದಿಗಿಟ್ಟು, ಯುದ್ಧಕಾಲದಲ್ಲಿ ಮೆಕ್ಯಾನಿಕ್‌ಗಳು ಕೌಲಿಂಗ್ ಬಿಚ್ಚಿ ಕೆಲಸ ಮಾಡುತ್ತಿರುವ ಕಪ್ಪುಬಿಳುಪು ಚಿತ್ರಗಳನ್ನೂ ರಿಪೇರಿ ಕೈಪಿಡಿಯ ರೇಖಾಚಿತ್ರಗಳನ್ನೂ ಮೇಜಿನ ಮೇಲೆ ಹರಡಿಕೊಂಡೆ.

ಒಂದು ತುಂಡನ್ನೂ ಕತ್ತರಿಸುವ ಮೊದಲು ಕಿಟ್‌ನ ಎಂಜಿನ್ನನ್ನು ಅಂಟಿಲ್ಲದೆ ಜೋಡಿಸಿ, ಕೌಲಿಂಗ್ ತೊಡಿಸಿ, ಪ್ರೊಪೆಲರ್ ಸಿಕ್ಕಿಸಿ, ಪುಟ್ಟ ಟಾರ್ಚ್ ಹಿಡಿದು ಎಲ್ಲ ಕೋನದಿಂದಲೂ ನೋಡಿದೆ. ಮಾದರಿ ಮೇಜಿನ ಮೇಲಿರುವಾಗ ನಾವು ನೋಡುವುದು ಮುಂದಿನಿಂದ, ಸ್ವಲ್ಪ ಮೇಲಿನಿಂದ. ಆಗ ಬೆಳಕು ತಲುಪುವುದು ಮೂತಿಯ ಸುತ್ತಲಿನ ಬಳೆಯಂಥ ಜಾಗಕ್ಕೆ, ಮುಂಸಾಲಿನ ಸಿಲಿಂಡರ್‌ಗಳ ಮುಖಕ್ಕೆ, ಅವುಗಳ ನಡುವಿನಿಂದ ಇಣುಕುವ ಹಿಂಸಾಲಿನ ತಲೆಗಳಿಗೆ. ಅದರಾಚೆ ಕತ್ತಲು. ಹಿಂದಿನ ಸೂಪರ್‌ಚಾರ್ಜರ್ ಭಾಗ, ಇನ್‌ಟೇಕ್ ಕೊಳವೆಗಳು, ಎಂಜಿನ್ ಕೂರುವ ಚೌಕಟ್ಟು ಯಾವುದೂ ಕಾಣುವುದಿಲ್ಲ. ಅವನ್ನೆಲ್ಲ ಮಾಡಿ ಒಳಗೆ ಹೂತಿಡುವವರಿದ್ದಾರೆ, ಅವರ ತಾಳ್ಮೆಗೆ ನಮಸ್ಕಾರ. ನನ್ನ ಶ್ರಮ ಮುಂದಿನ 6 ಮಿ.ಮೀ. ಆಳಕ್ಕೆ ಮಾತ್ರ ಎಂದು ಗೆರೆ ಎಳೆದುಕೊಂಡೆ.

ಕೌಲಿಂಗ್‌ನಲ್ಲಿ ಎಂಜಿನ್ ಯಾವ ದಿಕ್ಕಿಗೆ ಕೂರಬೇಕು ಅನ್ನುವುದನ್ನೂ ಆಗಲೇ ಗುರುತು ಮಾಡಿಕೊಂಡೆ. ಒಂದು ಸಾಲಿನಲ್ಲಿ ಸಿಲಿಂಡರ್‌ನಿಂದ ಸಿಲಿಂಡರ್‌ಗೆ 40 ಡಿಗ್ರಿ. ಎರಡನೆಯ ಸಾಲು ಅದಕ್ಕೆ 20 ಡಿಗ್ರಿ ಓರೆ, ಹಿಂದಿನವಕ್ಕೂ ಗಾಳಿ ಸಿಗಲಿ ಎಂದು. ಈ ಎಂಜಿನ್‌ನಲ್ಲಿ ಬೆಸ ಸಂಖ್ಯೆಯ ಸಿಲಿಂಡರ್‌ಗಳೆಲ್ಲ ಹಿಂಸಾಲಿನವು, ಸಮಸಂಖ್ಯೆಯವು ಮುಂಸಾಲಿನವು. ನೆತ್ತಿಯಲ್ಲಿ ನೇರ ನಿಲ್ಲುವ ಒಂದನೆಯ ಸಿಲಿಂಡರ್ ಹಿಂಸಾಲಿನದು. ಹಾಗಾಗಿ ಮುಂದಿನಿಂದ ನೋಡಿದರೆ ನೆತ್ತಿಯಲ್ಲಿ ಎರಡು ಸಿಲಿಂಡರ್‌ಗಳ ನಡುವಿನ ಸಂದಿ, ಬುಡದಲ್ಲಿ ನೇರ ಕೆಳಕ್ಕೆ ಒಂದು ಸಿಲಿಂಡರ್. ಇದನ್ನು ತಲೆಕೆಳಗಾಗಿ ಕೂರಿಸಿದ ಮಾದರಿಗಳು ಬೇಕಾದಷ್ಟು ಸಿಗುತ್ತವೆ. ಒಮ್ಮೆ ಗೊತ್ತಾದ ಮೇಲೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಅದೊಂದು ಕಾಟ.

ಇನ್ನು ಪುಶ್‌ರಾಡ್. ಒಂದೊಂದು ಸಿಲಿಂಡರ್‌ಗೆ ಎರಡು ವಾಲ್ವ್, ಆದ್ದರಿಂದ ಎರಡೆರಡು ಪುಶ್‌ರಾಡ್. ಈ ಎಂಜಿನ್‌ನಲ್ಲಿ ಮುಂಸಾಲಿನ ವಾಲ್ವ್‌ಗಳನ್ನು ಆಡಿಸುವ ಕ್ಯಾಮ್ ಮುಂದಿದೆ, ಹಿಂಸಾಲಿನದ್ದು ಹಿಂದಿದೆ. ಮುಂದಿನಿಂದ ಕಾಣುವುದು ಮುಂಸಾಲಿನ 18 ಮಾತ್ರ. ಬುಡದಲ್ಲಿ ಹತ್ತಿರವಿದ್ದು, ತಲೆಯ ಕಡೆಗೆ ಹೋಗುತ್ತ ಅಗಲವಾಗಿ, ಎಡಬಲದ ರಾಕರ್ ಬಾಕ್ಸ್‌ಗಳಿಗೆ, ಅಂದರೆ ವಾಲ್ವ್ ಆಡಿಸುವ ಸನ್ನೆಗಳ ಪೆಟ್ಟಿಗೆಗಳಿಗೆ, ಸೇರುತ್ತವೆ. ಅವುಗಳ ಹಿಂದೆ, ಸಿಲಿಂಡರ್‌ನ ರೆಕ್ಕೆಗಳ ಮುಂದೆ, ಗಾಳಿಯಾಡುವ ಜಾಗ. ನನಗೆ ಬೇಕಾದದ್ದು ಆ ಜಾಗವೇ. ಅಲ್ಲಿ ಬೀಳುವ ನೆರಳಿಲ್ಲದೆ ಎಷ್ಟು ಚೆಂದದ ರಾಡ್ ಇಟ್ಟರೂ ಅದು ಮತ್ತೆ ಏಣೇ.

11ನೇ ನಂಬರಿನ ಬ್ಲೇಡಿನಿಂದ ಮೊದಲು ಏಣಿನ ತಲೆ ಮತ್ತು ಬುಡಕ್ಕೆ ಅಡ್ಡ ಗೆರೆ ಕೊಟ್ಟೆ. ಹಾಗೆ ತಡೆಗೆರೆ ಇಲ್ಲದಿದ್ದರೆ ಬ್ಲೇಡು ಜಾರಿ ರಾಕರ್ ಬಾಕ್ಸನ್ನು ಕಚ್ಚುತ್ತದೆ. ಆಮೇಲೆ ಮಧ್ಯದ ಪ್ಲಾಸ್ಟಿಕ್ಕನ್ನು ಸಣ್ಣ ಸಣ್ಣ ಪದರವಾಗಿ ಕೆರೆದು ತೆಗೆದೆ. ಕೆರೆದ ಜಾಗದಲ್ಲಿ ರೆಕ್ಕೆಗಳ ಗೆರೆ ಮಾಸುತ್ತದೆ. ಬ್ಲೇಡಿನ ಬೆನ್ನಿನಿಂದ, ಅಕ್ಕಪಕ್ಕದ ಗೆರೆಗಳಿಗೆ ಹೊಂದುವ ಹಾಗೆ, ಅವನ್ನು ಮತ್ತೆ ಎಳೆದೆ. ಪುಶ್‌ರಾಡ್ ಮುಚ್ಚಲಿಕ್ಕಿರುವ ಜಾಗವಾದ್ದರಿಂದ ಗೆರೆಗಳು ಅಲ್ಪಸ್ವಲ್ಪ ಓರೆಕೋರೆ ಇದ್ದರೂ ನಡೆಯುತ್ತದೆ. ಬಳಿಕ ಕೈ ಡ್ರಿಲ್ಲಿನಿಂದ ಬುಡದಲ್ಲೊಂದು, ರಾಕರ್ ಬಾಕ್ಸ್‌ನ ಅಡಿಯಲ್ಲೊಂದು 0.5 ಮಿ.ಮೀ. ತೂತು. ಡ್ರಿಲ್ ಇಡುವ ಮೊದಲು ಸೂಜಿಮೊನೆಯಿಂದ ಚುಕ್ಕೆ ಒತ್ತಲೇಬೇಕು, ಇಲ್ಲದಿದ್ದರೆ ಡ್ರಿಲ್ಲು ತನಗೆ ಇಷ್ಟ ಬಂದ ಕಡೆ ಓಡುತ್ತದೆ.

ರಾಡ್‌ಗೆ 0.5 ಮಿ.ಮೀ. ದುಂಡು ಪ್ಲಾಸ್ಟಿಕ್ ಕಡ್ಡಿ. 48ರಿಂದ ಗುಣಿಸಿದರೆ 24 ಮಿ.ಮೀ., ಇಂಚಿಗೆ ತುಸು ಕಡಿಮೆ. ಚಿತ್ರಗಳಲ್ಲಿ ಕಾಣುವ ದಪ್ಪಕ್ಕೆ ಸರಿಹೊಂದಿತು. ಹಿತ್ತಾಳೆ ಕಡ್ಡಿ ಇನ್ನೂ ನೇರ ನಿಲ್ಲುತ್ತದೆ ನಿಜ, ಆದರೆ ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ಕೇ ಆದರೆ ಸಾಮಾನ್ಯ ಸಿಮೆಂಟು ಕರಗಿಸಿ ಹಿಡಿಯುತ್ತದೆ, ಅಂಟು ಆರುವ ತನಕ ಕೋನ ತಿದ್ದಲು ಸಮಯವೂ ಸಿಗುತ್ತದೆ. ಹದಿನೆಂಟೂ ಒಂದೇ ಉದ್ದ ಬರಲೆಂದು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಅಡ್ಡಗಟ್ಟೆ ಅಂಟಿಸಿ, ಕಡ್ಡಿಯ ತುದಿಯನ್ನು ಅದಕ್ಕೆ ತಾಗಿಸಿ, ಕೊರೆದಿಟ್ಟ ಗೆರೆಯಲ್ಲಿ ಕತ್ತರಿಸುತ್ತ ಹೋದೆ. ಬೇಕಾದ್ದಕ್ಕಿಂತ ಹೆಚ್ಚೇ ಕತ್ತರಿಸಿ. ಚಿಮಟದಿಂದ ಹಾರಿದ ತುಂಡನ್ನು ನೆಲದಲ್ಲಿ ಹುಡುಕುವುದಕ್ಕಿಂತ ಹೊಸದು ಕತ್ತರಿಸುವುದು ಸಲೀಸು. ಬುಡದ ನಟ್‌ಗಳಿಗೆ ಬೇರೆ ಭಾಗ ಮಾಡಲಿಲ್ಲ. ಬಿಳಿ ಅಂಟಿನ ಒಂದು ಹನಿಯನ್ನು ಸೂಜಿಯಿಂದ ಸುತ್ತಲೂ ಹರಿಸಿದರೆ, ಒಣಗಿದ ಮೇಲೆ ಅದೇ ಕಾಲರ್ ಹಾಗೆ ನಿಲ್ಲುತ್ತದೆ.

ಪುಶ್‌ರಾಡ್ ನಿಂತ ಮೇಲೆ ಹೊಸದೊಂದು ಕೊರತೆ ಕಾಣಿಸಿತು. ಸಂದಿಗಳನ್ನು ಬಿಡಿಸಿದ್ದೇ ತಡ, ಸಿಲಿಂಡರ್‌ಗಳ ನಡುವಿನಿಂದ ಹಿಂದಿನ ಗೋಡೆ ಕಾಣತೊಡಗಿತು. ನಿಜವಾದ ಎಂಜಿನ್‌ನಲ್ಲಿ ಹಾಗೆ ಆರುಪಾರು ಕಾಣುವುದಿಲ್ಲ. ಸಿಲಿಂಡರ್‌ಗಳ ನಡುವೆ ತೆಳುವಾದ ಅಲ್ಯುಮಿನಿಯಂ ತಗಡುಗಳಿರುತ್ತವೆ. ಬ್ಯಾಫಲ್ ಎನ್ನುತ್ತಾರೆ. ಗಾಳಿ ಸುಮ್ಮನೆ ಸಂದಿಯಿಂದ ನುಗ್ಗಿ ಹೋಗದೆ ರೆಕ್ಕೆಗಳ ಒಳಗೆ ಉಜ್ಜಿಕೊಂಡು ಸಾಗಲಿ ಎಂದು ಅವು ದಾರಿ ಕಟ್ಟುತ್ತವೆ. 2000 ಅಶ್ವಶಕ್ತಿಯ ಬಿಸಿಯನ್ನು ಬರೀ ಗಾಳಿಗೆ ಒಪ್ಪಿಸಬೇಕಾದರೆ ಗಾಳಿಯ ಒಂದೊಂದು ಹಿಡಿಗೂ ಕೆಲಸ ಕೊಡಬೇಕಲ್ಲ. ಕಿಟ್ ಮಾಡುವವರು ಇದನ್ನು ಮರೆಯುವುದು ಸಾಮಾನ್ಯ. ಎಂಜಿನ್‌ಗೆ ತಂತಿ ಕಟ್ಟುವ ನನ್ನಂಥವರೂ ಮರೆಯುತ್ತಾರೆ, ಏಕೆಂದರೆ ತಂತಿ ಕಣ್ಸೆಳೆಯುತ್ತದೆ, ತಗಡು ಸೆಳೆಯುವುದಿಲ್ಲ.

ಅಡುಗೆಮನೆಯ ಫಾಯಿಲ್ ತೀರಾ ತೆಳು, ಮುಟ್ಟಿದರೆ ಮುದುಡುತ್ತದೆ. ಔಷಧದ ಟ್ಯೂಬನ್ನು ಸೀಳಿ ತೊಳೆದು, ಮರಳು ಕಾಗದದಿಂದ ಬಣ್ಣ ತೆಗೆದರೆ ಸಿಗುವ ತಗಡು ಸರಿಯಾದ ಹದದ್ದು. ಒಂದು ಕಾಗದದ ಅಚ್ಚು ಮಾಡಿ, ಹಿಂಸಾಲಿನ ಎರಡೆರಡು ತಲೆಗಳ ನಡುವೆ ಹೊಂದುವ ತನಕ ಅದನ್ನು ಕತ್ತರಿಸಿ ತಿದ್ದಿ, ಆಮೇಲೆ ಅದರ ಮೇಲೇ ತಗಡಿನ ಒಂಬತ್ತು ತುಂಡು ಕತ್ತರಿಸಿದೆ. ಮಧ್ಯದಲ್ಲಿ ಬಾಲ್‌ಪೆನ್ನಿನ ತುದಿಯಿಂದ ಒಂದು ಉದ್ದ ಉಬ್ಬು ಒತ್ತಿದ್ದು ಸಾರ್ಥಕವಾಯಿತು. ಬಣ್ಣ ಬಿದ್ದ ಮೇಲೆ ಆ ಉಬ್ಬಿನಿಂದಲೇ ಅದು ಒತ್ತಿದ ತಗಡು ಎಂದು ತಿಳಿಯುತ್ತದೆ. ತಗಡು ಕೂತೊಡನೆ ಎಂಜಿನ್‌ಗೆ ಒಂದು ಹಿನ್ನೆಲೆ ಬಂತು, ಮುಂದಿನ ಪುಶ್‌ರಾಡ್‌ಗಳು ಎದ್ದು ಕಂಡವು.

ತಂತಿಗೆ ಬರೋಣ. ಒಂದೊಂದು ಸಿಲಿಂಡರ್‌ಗೆ ಎರಡು ಸ್ಪಾರ್ಕ್ ಪ್ಲಗ್, ಒಂದು ಮುಂದೆ, ಒಂದು ಹಿಂದೆ. ಒಟ್ಟು 36 ಪ್ಲಗ್, 36 ತಂತಿ. ಮೂತಿಯ ಹಿಂದೆ ಒಂದು ದುಂಡು ಕೊಳವೆ ಬಳೆಯ ಹಾಗೆ ಸುತ್ತಿಕೊಂಡಿರುತ್ತದೆ, ಅದರಿಂದ ತಂತಿಗಳು ಹೊರಟು ಹರಡುತ್ತವೆ. ರೇಡಿಯೋಗೆ ಗದ್ದಲವಾಗಬಾರದೆಂದು ತಂತಿಗಳ ಮೇಲೆ ಲೋಹದ ಹೆಣಿಗೆಯ ಕವಚ. ಮೂವತ್ತಾರನ್ನೂ ಪ್ಲಗ್‌ವರೆಗೆ ಒಯ್ಯಬೇಕೆಂದೇನಿಲ್ಲ. ಹಿಂಸಾಲಿನ ಹಿಂದಿನ ಪ್ಲಗ್ಗು ಯಾರಿಗೂ ಕಾಣದು. ಆದರೆ ಅದಕ್ಕೆ ಹೋಗುವ ತಂತಿ ಬಳೆಯಿಂದ ಹೊರಡುವ ಜಾಗ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಹೊರಡುವವು ಪೂರ್ತಿ, ತಲುಪುವವು ಕೆಲವು. ಮುಂಸಾಲಿನ ಮುಂದಿನ ಪ್ಲಗ್‌ಗೆ ಹೋಗುವ ಒಂಬತ್ತನ್ನು ಕೊನೆಯವರೆಗೂ ಮುಟ್ಟಿಸಿದೆ, ಉಳಿದವು ಸಿಲಿಂಡರ್‌ಗಳ ನಡುವೆ ಕತ್ತಲಿಗೆ ಇಳಿದು ಬ್ಯಾಫಲ್‌ನ ಅಂಚಿನಲ್ಲಿ ಮುಗಿಯುತ್ತವೆ.

ಬಳೆಗೆ 1 ಮಿ.ಮೀ. ಬೆಸುಗೆ ತಂತಿ. ಮೂತಿಯ ಬುಡದ ಅಳತೆಗೆ ಒಂದು ಡ್ರಿಲ್ ಕಡ್ಡಿಯ ಹಿಡಿಯನ್ನು ಹುಡುಕಿ ಅದಕ್ಕೆ ಸುತ್ತಿದೆ. ಸುತ್ತಿದ ಮೇಲೆ ಒಂದೇ ಕತ್ತರಿಕೆಯಲ್ಲಿ ಸೀಳಿದರೆ ಎರಡು ತುದಿಗಳೂ ಎದುರುಬದುರು ಕೂರುತ್ತವೆ. ಆ ಸೇರುವ ಜಾಗವನ್ನು ಕೆಳಗೆ, ಪ್ರೊಪೆಲರ್ ಗುಬುಟಿನ ನೆರಳಲ್ಲಿ ಇಟ್ಟೆ. ತೂತುಗಳನ್ನು ಬಗ್ಗಿಸುವ ಮೊದಲು ಕೊರೆದರೆ ಬಗ್ಗಿಸುವಾಗ ಮೊಟ್ಟೆಯಾಗುತ್ತವೆ. ಅದಕ್ಕೆ ಬಳೆಯನ್ನು ಮೊದಲು ಕಾಗದದ ಮೇಲೆ ಅಂಟಿಸಿಕೊಂಡೆ. ಆ ಕಾಗದದಲ್ಲಿ 20 ಡಿಗ್ರಿಗೊಂದರಂತೆ ಕಿರಣಗಳನ್ನು ಎಳೆದಿದ್ದೆ. ಗೆರೆಗೊಂದು ಜೋಡಿ, 0.3 ಮಿ.ಮೀ. ತೂತು. ಬೆಸುಗೆ ಲೋಹ ಮೆತ್ತಗಿನದು, ಡ್ರಿಲ್ಲಿಗೆ ಅಂಟಿಕೊಂಡು ಜಗ್ಗುತ್ತದೆ. ಎರಡು ಸುತ್ತು ತಿರುಗಿಸಿ, ಹೊರಗೆಳೆದು ಒರೆಸಿ, ಮತ್ತೆರಡು ಸುತ್ತು. ಅವಸರಿಸಿದರೆ 0.3ರ ಡ್ರಿಲ್ಲು ಲಟಕ್ಕನೆ ಮುರಿಯುತ್ತದೆ. ಸೀಸವಿರುವ ಬೆಸುಗೆ ತಂತಿಯಾದರೆ ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಅದರ ಪುಡಿಯನ್ನು ಊದಬೇಡಿ.

ಬಳೆಯಿಂದ ಹೊರಡುವ ತಂತಿ 0.2 ಮಿ.ಮೀ. ನಿಜಗಾತ್ರಕ್ಕೆ ಬಿಡಿಸಿದರೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಎರಡು ಬಗೆಯನ್ನು ನೋಡಿದೆ. ಸೀಸದ ತಂತಿ ಬಗ್ಗಿಸಿದ ಹಾಗೆ ನಿಲ್ಲುತ್ತದೆ, ಆದರೆ ಮುಟ್ಟಿದ ಕಡೆಯೂ ಬಗ್ಗುತ್ತದೆ. ಚಿಮಟದ ಗುರುತು ಬೀಳುತ್ತದೆ. ವಿದ್ಯುತ್ ಕೇಬಲ್ ಸುಲಿದಾಗ ಸಿಗುವ ತಾಮ್ರದ ಎಳೆ ಗಡುಸು, ಬಿಟ್ಟರೆ ಪುಟಿಯುತ್ತದೆ. ಕೊನೆಗೆ ಆರಿಸಿಕೊಂಡದ್ದು ತಾಮ್ರವನ್ನೇ, ಆದರೆ ಹದ ಮಾಡಿ. ಎಳೆಯನ್ನು ಚಿಮಟದಲ್ಲಿ ಹಿಡಿದು ಮೇಣದಬತ್ತಿಯ ಉರಿಯಲ್ಲಿ ಒಂದು ಸಲ ಬೇಗ ಸಾಗಿಸಿದರೆ ಕೆಂಪಗಾಗಿ ಮೆತ್ತಗಾಗುತ್ತದೆ. ನಿಧಾನಿಸಿದರೆ ಅಷ್ಟು ಸಣ್ಣ ಎಳೆ ಕರಗಿಯೇ ಹೋಗುತ್ತದೆ. ಹದವಾದ ಎಳೆಯನ್ನು ಗಾಜಿನ ಮೇಲಿಟ್ಟು ಉಕ್ಕಿನ ಪಟ್ಟಿಯಿಂದ ಉರುಳಿಸಿದರೆ ನೂಲು ಹಿಡಿದಂತೆ ನೇರ.

ಒಂದು ತುದಿ ಬಳೆಯ ತೂತಿಗೆ, ಸೂಪರ್‌ಗ್ಲೂವಿನ ಚುಕ್ಕೆ. ಅಂಟು ಹಚ್ಚಲು ಬಳಸಿದ್ದು ಸೂಜಿ: ಅದರ ಕಣ್ಣಿನ ತುದಿಯನ್ನು ಸ್ವಲ್ಪ ಕತ್ತರಿಸಿದರೆ ಪುಟ್ಟ ಕವೆಯಾಗಿ, ಒಂದೇ ಒಂದು ಹನಿಯ ಪಾಲನ್ನು ಹಿಡಿದು ಬೇಕಾದಲ್ಲಿ ಬಿಡುತ್ತದೆ. ಎಲ್ಲ ತಂತಿಗಳ ಬುಡವನ್ನೂ ಮೊದಲು ಅಂಟಿಸಿ, ಬಳೆಯನ್ನು ಮೂತಿಗೆ ತೊಡಿಸಿ, ಆಮೇಲೆ ಒಂದೊಂದನ್ನೇ ಬಗ್ಗಿಸಿದೆ. ಇಲ್ಲಿ ನೋಡಬೇಕಾದದ್ದು ತಂತಿಯ ಸ್ವಭಾವ. ಅದು ಬಳೆಯಿಂದ ಪ್ಲಗ್‌ಗೆ ಅಳೆದ ನೇರ ಗೆರೆಯಲ್ಲ, ಸ್ವಲ್ಪ ಸಡಿಲ ಬಿಟ್ಟು ಕಟ್ಟಿದ್ದು. ಎಂಜಿನ್ ನಡುಗುವಾಗ ಜಗ್ಗಿ ಹರಿಯಬಾರದಲ್ಲ. ತುಸು ಬಾಗು ಬೇಕು, ಆದರೆ ಒಂಬತ್ತೂ ಬಾಗು ಒಂದೇ ಬಗೆಯವಾಗಿರಬೇಕು, ಏಕೆಂದರೆ ಕಾರ್ಖಾನೆಯಲ್ಲಿ ಒಂದೇ ಉದ್ದಕ್ಕೆ ಕತ್ತರಿಸಿ ಬಂದ ಸರಂಜಾಮು ಅದು. ಪ್ಲಗ್‌ನ ಬಳಿ ತಂತಿ ಮೊಣಕೈಯಂತೆ ತಿರುಗುತ್ತದೆ. ಸುಲಿದ ಇಯರ್‌ಫೋನ್ ವೈರಿನ ಹೊದಿಕೆಯನ್ನು 1 ಮಿ.ಮೀ. ತುಂಡು ಮಾಡಿ ತಂತಿಗೆ ಪೋಣಿಸಿ, ಆ ತಿರುವಿನ ಮೇಲೆ ಕೂರಿಸಿದೆ. ಅದೊಂದೇ ತುಂಡಿನಿಂದ ತಂತಿಗೆ ತಲುಪುವ ಜಾಗ ಸಿಕ್ಕಿತು.

ಮೂತಿಯ ಕೆಲಸ ಬೇಗ ಮುಗಿಯಿತು. ನೆತ್ತಿಯಲ್ಲಿ ಪ್ರೊಪೆಲರ್‌ನ ವೇಗ ಹಿಡಿದಿಡುವ ಗವರ್ನರ್, ಅದರ ಎಡಬಲಕ್ಕೆ ಪ್ಲಗ್‌ಗಳಿಗೆ ವಿದ್ಯುತ್ ಹುಟ್ಟಿಸುವ ಎರಡು ಮ್ಯಾಗ್ನೆಟೋ. ಕಿಟ್‌ನ ಮ್ಯಾಗ್ನೆಟೋಗಳು ದುಂಡಗಿದ್ದವು, ನಾನು ಮಾಡುತ್ತಿದ್ದ ವಿಮಾನದ ಚಿತ್ರದಲ್ಲೂ ದುಂಡಗೇ ಇದ್ದವು, ಹಾಗೇ ಉಳಿಸಿದೆ. ಗವರ್ನರ್‌ಗೆ ಒಂದು ಸಣ್ಣ ರಾಟೆ ಮತ್ತು ಹಿಂದಕ್ಕೆ ಹೋಗುವ ಕೇಬಲ್ ಸೇರಿಸಿದೆ. ಮೂತಿಯ ಅಂಚಿನ ಬೋಲ್ಟ್‌ಗಳಿಗೆ ಸ್ಪ್ರೂವನ್ನು, ಅಂದರೆ ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಯನ್ನು, ಉರಿಯಲ್ಲಿ ಎಳೆದು ಅದರಿಂದ ತೆಳು ಬಿಲ್ಲೆಗಳನ್ನು ಕತ್ತರಿಸಿ, ಒದ್ದೆ ಕುಂಚದ ತುದಿಯಲ್ಲಿ ಎತ್ತಿ ಇಟ್ಟೆ.

ಇಲ್ಲೊಂದು ಮಾತು. ಸಿಲಿಂಡರ್‌ಗಳನ್ನೇ ಹೊಸದಾಗಿ ಮಾಡುವವರಿದ್ದಾರೆ: ಪ್ಲಾಸ್ಟಿಕ್ ಕಡ್ಡಿಗೆ 0.1 ಮಿ.ಮೀ. ತಂತಿಯನ್ನು ಒತ್ತೊತ್ತಾಗಿ ಸುತ್ತಿದರೆ ರೆಕ್ಕೆಗಳು ಸೊಗಸಾಗಿ ಬರುತ್ತವೆ. ಒಂದನ್ನು ಸುತ್ತಿ ನೋಡಿದೆ, ಕೈಯಲ್ಲಿ ಹಿಡಿದಾಗ ಬೆರಗು. ಕೌಲಿಂಗ್ ಒಳಗೆ, ಪುಶ್‌ರಾಡ್ ಮತ್ತು ತಂತಿಗಳ ಹಿಂದೆ ಇಟ್ಟಾಗ ಕಿಟ್‌ನ ಸಿಲಿಂಡರ್‌ಗೂ ಅದಕ್ಕೂ ಹೆಚ್ಚೇನೂ ಅಂತರ ಕಾಣಲಿಲ್ಲ. 1/32 ಆಗಿದ್ದರೆ ಸುತ್ತುತ್ತಿದ್ದೆ. 1/48ರಲ್ಲಿ ಅದು ಬೆರಳಿಗೆ ಕಸರತ್ತು.

ಬಣ್ಣದಲ್ಲಿ ಮೊದಲ ನಿಯಮ, ಇಡೀ ಎಂಜಿನ್ ಬೆಳ್ಳಿಯಾಗಬಾರದು. ಪ್ರೈಮರ್ ಆದ ಮೇಲೆ ಎಲ್ಲಕ್ಕೂ ಕಪ್ಪು, ಅದರ ಮೇಲೆ ಸಿಲಿಂಡರ್‌ಗಳಿಗೆ ಒಣ ಕುಂಚದಲ್ಲಿ ಅಲ್ಯುಮಿನಿಯಂ. ರೆಕ್ಕೆಗಳ ತುದಿ ಮಾತ್ರ ಹೊಳೆಯುತ್ತದೆ, ಸಂದಿ ಕಪ್ಪಾಗಿ ಉಳಿಯುತ್ತದೆ. ಮೂತಿಗೆ ಬೂದು ಎನಾಮೆಲ್, ಯುದ್ಧಕಾಲದ ಈ ಎಂಜಿನ್‌ಗಳ ಗುರುತೇ ಅದು. ಪುಶ್‌ರಾಡ್‌ಗೆ ಹೊಳಪಿನ ಕಪ್ಪು, ಬ್ಯಾಫಲ್‌ಗೆ ಮಬ್ಬು ಅಲ್ಯುಮಿನಿಯಂ, ತಂತಿಗಳಿಗೆ ಕಂದು ಬೆರೆಸಿದ ಉಕ್ಕಿನ ಬಣ್ಣ. ಕಪ್ಪು, ಬೂದು, ಬೆಳ್ಳಿ ಹೀಗೆ ಬೇರೆಬೇರೆಯಾದಾಗಲೇ ಒಂದರ ಮುಂದೆ ಇನ್ನೊಂದು ನಿಂತಿದೆ ಎಂದು ಕಣ್ಣಿಗೆ ತಿಳಿಯುವುದು. ಮೂತಿಯ ಮೇಲೆ ಗರುಡನ ಚಿತ್ರವಿರುವ ಕಂಪನಿ ಲಾಂಛನ, ಡೆಕಾಲ್ ಹಾಳೆಯಿಂದ.

ಕೊಳೆ ಹಚ್ಚುವಾಗ ತುಕ್ಕು, ಸುಟ್ಟ ನೀಲಿ ಇವನ್ನು ಮುಂಭಾಗದಲ್ಲಿ ಬಳಸಲಿಲ್ಲ. ಎಕ್ಸಾಸ್ಟ್ ಕೊಳವೆಗಳೆಲ್ಲ ಹಿಂದಕ್ಕೆ ಹೋಗುತ್ತವೆ, ಮುಂದೆ ಸುಡುವಂಥದ್ದೇನಿಲ್ಲ. ಇರುವುದು ಎಣ್ಣೆ. ಕೋರ್ಸೇರ್ ಎಣ್ಣೆ ಉಗುಳುವುದರಲ್ಲಿ ಹೆಸರುವಾಸಿ: ಕೌಲಿಂಗ್‌ನ ಹಿಂದಂಚಿನಲ್ಲಿ ತೆರೆದು ಮುಚ್ಚುವ ತಗಡುಗಳಾದ ಕೌಲ್ ಫ್ಲ್ಯಾಪ್‌ಗಳಲ್ಲಿ ಮೇಲಿನವುಗಳ ಸಂದಿಯಿಂದ ಹಾರಿ ಪೈಲಟ್‌ನ ಮುಂದಿನ ಗಾಜಿಗೆ ಬಡಿಯುತ್ತಿತ್ತು, ಕೊನೆಗೆ ಅಲ್ಲಿ ಫ್ಲ್ಯಾಪ್ ತೆಗೆದು ತೆರೆಯದ ತಗಡು ಹಾಕಿ ಮುಚ್ಚಿದರು. ಕಂದುಗಪ್ಪು ವಾಶನ್ನು, ಅಂದರೆ ನೀರಾಗಿಸಿದ ಬಣ್ಣವನ್ನು, ರಾಕರ್ ಬಾಕ್ಸ್‌ಗಳ ಅಂಚಿಗೂ ಮೂತಿಯ ಕೆಳಭಾಗಕ್ಕೂ ತೆಳ್ಳಗೆ ಹರಿಸಿ, ಬುಡದ ಸಿಲಿಂಡರ್‌ಗೆ ಮಾತ್ರ ಸ್ವಲ್ಪ ಹೊಳಪು ವಾರ್ನಿಶ್ ಕೊಟ್ಟೆ.

ಕೌಲಿಂಗ್ ತೊಡಿಸುವುದು ಕೊನೆಯ ಹಂತ. ನಿಜವಾದ ಕೌಲಿಂಗ್ ತೆಳು ತಗಡು, ಕಿಟ್‌ನದು 1 ಮಿ.ಮೀ. ದಪ್ಪ. 48ರಿಂದ ಗುಣಿಸಿದರೆ ಕೋಟೆಗೋಡೆ. ಒಳಬದಿಯನ್ನು ಬಾಗಿದ ಬ್ಲೇಡಿನಿಂದ ಕೆರೆದು ತೆಳುಗೊಳಿಸಿದೆ. ರಾಕರ್ ಬಾಕ್ಸ್ ತಾಗುವ ಒಂಬತ್ತು ಕಡೆ ಇನ್ನಷ್ಟು. ಬೆಳಕಿಗೆ ಹಿಡಿದಾಗ ಪ್ಲಾಸ್ಟಿಕ್ಕಿನಾಚೆ ಬೆರಳಿನ ನೆರಳು ಕಾಣತೊಡಗಿದರೆ ನಿಲ್ಲಿಸಬೇಕು. ಎಂಜಿನ್ ಹಿಂದಿನಿಂದ ಒಳಗೆ ಹೋಗುವುದರಿಂದ ಪ್ಲಗ್‌ನ ಮೊಣಕೈಗಳು ಬಾಯಿಯ ಅಂಚಿಗೆ ತಾಗದಂತೆ ಒಂದೊಂದನ್ನೂ ಅರ್ಧ ಮಿಲಿಮೀಟರ್ ಒಳಕ್ಕೆ ಒತ್ತಬೇಕಾಯಿತು. ಪ್ರೊಪೆಲರನ್ನು ಅಂಟಿಸಿಲ್ಲ. ತಿರುಗಿಸಿದರೆ ತಿರುಗುತ್ತದೆ, ಎಳೆದರೆ ಬರುತ್ತದೆ. ಯಾರಾದರೂ ಒಳಗೆ ಇಣುಕಲು ಬಗ್ಗಿದರೆ ಅದನ್ನು ತೆಗೆದು ಟಾರ್ಚ್ ಕೈಗೆ ಕೊಡುತ್ತೇನೆ.